ಮಾರಿ ನಿಂದು, ನೆಗೆಟಿವ್ ನಂದು

ಎಂಬತ್ತರ ದಶಕದಾಗ ಸಿಂಧನೂರು ಸುತ್ತಮುತ್ತ ಯಾವ ಹೆಣ್ಮಕ್ಕಳು ಚೆಂದ ಇದ್ರು ಅಂತ ಯಾರಿಗರ ಕೇಳಬೇಕಾದ್ರ ನನ್ನ ಕೇಳ್ರಿ. ಎಲ್ಲಾರ್ನೂ ಚೆಂದ ಮಾಡಿದಾಂವ ನಾನ. ದೇವ್ರು ಅರ್ಧಾ ಕೆಲ್ಸ ಮಾಡಿ ಕಳಸ್ತಿದ್ದ, ಉಳದದ್ದು ನಾ ಮುಗಸ್ತಿದ್ದೆ.

ಸಿಂಧನೂರಾಗ ಒಂದು ಫೋಟೋ ಸ್ಟುಡಿಯೋದಾಗ ನಾ ಟಚಿಂಗ್ ಮಾಡಾಂವ. ಫೋಟೋ ಹೊಡಿಯಾವ್ರು ಮಾಲಕರು. ಮಾರಿ ತಿದ್ದಾಂವ ನಾನು. ನೆಗೆಟಿವ್ ಅಂದ್ರ ಮೂರು ಬೆರಳಿನಷ್ಟು ಅಗಲ. ಅದನ್ನ ಗಾಜಿನ ಹಲಗಿ ಮ್ಯಾಲ ಇಟ್ಟು, ತೆಳಗಿಂದ ಬೆಳಕು ಬಿಟ್ಟು, ಸೂಜಿ ಹಂಗ ಚೂಪ ಮಾಡಿದ ಪೆನ್ಸಿಲ್ ತಗೊಂಡು ಗೀರ್ತಾ ಕುಂದರ್ತಿದ್ದೆ. ನೆಗೆಟಿವ್‌ನಾಗ ಎಲ್ಲಾ ಉಲ್ಟಾ. ಕೂದಲ ಬೆಳ್ಳಗ, ಹಲ್ಲು ಕರ್ರಗ. ನೀ ಅಲ್ಲಿ ಎಷ್ಟು ಕರ್ರಗ ಗೀರ್ತಿ, ಫೋಟೋದಾಗ ಅಷ್ಟು ಬೆಳ್ಳಗ ಬರತೈತಿ. ಮೈಲಿಬ್ಯಾನಿ ಕುಣಿ ತುಂಬಸ್ತಿದ್ದೆ, ಕಣ್ಣ ತೆಳಗಿನ ಕರಿ ತಗೀತಿದ್ದೆ, ಮೆಳ್ಳಗಣ್ಣು ನೆಟ್ಟಗ ಮಾಡ್ತಿದ್ದೆ. ಅಕ್ಕಿ ಗಿರಣಿ ಸಾವಕಾರ ಒಬ್ರ ಬೋಳ ತಲಿಗೆ ಕೂದಲ ಹಚ್ಚಿ ಕೊಟ್ಟಿದ್ದೆ. ಅವ್ರ ಹೆಂಡ್ತಿ ಫೋಟೋ ನೋಡಿ, ‘ಇವ್ರು ಯಾರ್ರಿ, ನಿಮ್ಮ ತಮ್ಮ ಏನು?’ ಅಂದ್ಲಂತ. ಸಾಲಿಯಾಗ ನನ್ನ ಬೆನ್ನ ಮ್ಯಾಲ ಬೆತ್ತ ಮುರದ ಮಾಸ್ತರೊಬ್ರು ಇದ್ರು. ನೌಕರಿ ಮುಗದಾಗ ಫೋಟೋ ತಗಸಾಕ ಬಂದ್ರು. ಅವ್ರ ಮೂಗಿನ ತೆಳಗ ಒಂದು ಸಣ್ಣ ಹನಿ ಇಟ್ಟು ಕೊಟ್ಟೆ. ಅವ್ರಿಗೆ ಚಾಳೀಸು, ಕಾಣಲಿಲ್ಲ. ಸಾಲಿ ಗ್ವಾಡಿಗೆ ತೂಗ ಹಾಕಿದ ಮ್ಯಾಲ ಹುಡುಗ್ರಿಗೆ ಕಂಡಿತು. ‘ಸರ್ ಮೂಗು ಒರಸ್ಕೊಳ್ರಿ’ ಅಂತ ವರ್ಷಗಟ್ಲೆ ನಕ್ಕರು.

ಕಾಲುವಿ ನೀರು ಬಂದು ಭತ್ತ ಬೆಳದು ಮಂದಿ ಕೈಯಾಗ ರೊಕ್ಕ ಆಡಾಕತ್ತಿದ ಮ್ಯಾಲ ದೂರ ದೂರದಿಂದ ಸಂಬಂಧ ಬರಾಕ ಶುರು ಆದ್ವು. ಕನ್ಯಾ ನೋಡಾಕ ಬರೂಕಿಂತ ಮೊದ್ಲು ಫೋಟೋ ಹೋಗಬೇಕು. ಫೋಟೋ ಪಾಸಾದ್ರ ಮಂದಿ ಬರ್ತಾರ, ಇಲ್ಲಂದ್ರ ಇಲ್ಲ. ಹಂಗಾಗಿ ನಮ್ಮ ಸ್ಟುಡಿಯೋದ ಬೆಂಚು ಯಾವಾಗ್ಲೂ ತುಂಬಿರ್ತಿತ್ತು.

ನಮ್ಮ ಮಾಲಕರು ಹಣಿ ತುಂಬಾ ಈಬತ್ತಿ ಬಡಕೊಂಡು ಕುಂದ್ರಾವ್ರು. ವ್ಯಾಪಾರದಾಗ ಮೋಸ ಮಾಡಿದ್ರ ಕಣ್ಣು ಹೋಗ್ತಾವ ಅಂತ ದಿನಾ ಹೇಳಾವ್ರು. ಅವ್ರ ಇಮಾನದಾರಿ ಹೆಂಗಿತ್ತು ಅಂದ್ರ ಕೇಳ್ರಿ. ನಾ ಟಚಿಂಗ್ ಮಾಡೂಕಿಂತ ಮೊದ್ಲು ಒಂದೆರಡು ಕಾಪಿ ತಗಿಯೂ ಪದ್ಧತಿ. ಎಲ್ಲಿ ತಿದ್ದಬೇಕಂತ ನೋಡಿಕೊಳ್ಳಾಕ. ಅದಕ್ಕ ನಾವು ಸಾದಾ ಅಂತಿದ್ವಿ. ಕೆಲ್ಸ ಮುಗದ ಮ್ಯಾಲ ಸಾದಾ ಹರದು ಒಗೀಬೇಕು. ಮಾಲಕರು ಒಗೀತಿದ್ದಿಲ್ಲ, ತಮ್ಮ ಖುರ್ಚಿ ತೆಳಗಿನ ಡಬ್ಬಿಯಾಗ ಇಡ್ತಿದ್ರು. ಎಂಟು ದಿನಕ್ಕ ಗಂಡಿನ ಕಡಿಯಾಂವ ಒಬ್ಬ, ಕಾಕಾನೋ ಸೋದರಮಾವನೋ, ಬಾಗಲದಾಗ ಬಂದು ನಿಂತು, ‘ಸಾದಾ ಐತೇನ್ರಿ?’ ಅಂತಿದ್ದ. ಹೊರಗ ಕುಂತ ಮಂದಿ ಪಾನ್ ಕೇಳಾಕತ್ತಾನ ಅನ್ಕೊಂತಿದ್ರು. ಮಾಲಕರು ಡಬ್ಬಿಗೆ ಕೈ ಹಾಕಿ, ತಿದ್ದಲಾರದ ಮಾರೀನ ಲಕೋಟಿಯಾಗ ಇಟ್ಟು, ರೊಕ್ಕ ಇಸ್ಕೊಂಡು ಕೊಡ್ತಿದ್ರು.

‘ಹೆಣ್ಣಿನವ್ರು ಟಚಿಂಗ್ ಕೇಳಿದ್ರು, ಟಚಿಂಗ್ ಕೊಟ್ಟೆ. ಗಂಡಿನವ್ರು ಸಾದಾ ಕೇಳಿದ್ರು, ಸಾದಾ ಕೊಟ್ಟೆ. ಯಾರಿಗೆ ಮೋಸ ಆತು ಹೇಳಲೇ?’ ಅಂತ ನನ್ನ ಕೇಳ್ತಿದ್ರು.

‘ಯಾರಿಗೂ ಇಲ್ರಿ. ಫೋಟೋದಾಗಿನಾಕಿ ಗಿರಾಕಿನ ಅಲ್ಲಲ್ರಿ,’ ಅಂತಿದ್ದೆ ನಾನು. ಅವ್ರಿಗೆ ಅದು ಚ್ಯಾಷ್ಟಿ ಅಂತ ತಿಳೀತಿದ್ದಿಲ್ಲ. ಹೌದೌದು ಅಂತಿದ್ರು.

ಜವಳಗೇರಾದ ಒಂದು ಹುಡುಗಿ ಬಂದ್ಲು, ಅಪ್ಪನ ಜೋಡಿ. ಅಪ್ಪಗ ಗದ್ದಿ ಇತ್ತು, ಟ್ರ್ಯಾಕ್ಟರ್ ಇತ್ತು, ಮೀಸಿ ಇತ್ತು. ಮಗಳು ಹತ್ತನೇತ್ತ ತನಕ ಓದಿದಾಕಿ. ಬಲಗಿವಿ ತೆಳಗ, ದವಡಿ ಮುಗಿಯೂ ಜಾಗದಾಗ, ಹೆಬ್ಬೆರಳು ಸುಣ್ಣದಾಗ ಅದ್ದಿ ಒತ್ತಿದಂಗ ಒಂದು ಬಿಳಿ ಕಲಿ. ತೊನ್ನು. ಮನಿ ಮಂದಿ ಬಿಟ್ರ ಊರಾಗ ಯಾರಿಗೂ ಗೊತ್ತಿಲ್ಲ. ಕಿವಿ ಮುಚ್ಚೂಹಂಗ ತಲಿ ಹಿಕ್ಕೊಂತಿದ್ಲು, ಮ್ಯಾಲ ಸೆರಗು. ತೊನ್ನು ಅಂತ ಒಬ್ರ ಬಾಯಿಗೆ ಬಿತ್ತಂದ್ರ ಮುಗೀತು, ಆಕಿನ ಯಾರೂ ಮದಿವಿ ಆಗೂದಿಲ್ಲ, ತಂಗಿ ಮದಿವಿನೂ ಅಲ್ಲೇ ನಿಂದರತೈತಿ. ಅಪ್ಪ ನನ್ನ ಕತ್ತಲಿ ಖೋಲಿ ಬಾಗಲಕ ಬಂದು, ಮೆಲ್ಲಕ, ‘ತಮ್ಮಾ, ಅದೊಂದು ಕಾಣಬಾರದು ನೋಡಪಾ’ ಅಂದ. ಅಷ್ಟು ದೊಡ್ಡ ಮೀಸಿಯಾಂವ ಅಷ್ಟು ಸಣ್ಣ ದನಿ ತಗದಿದ್ದು ನೋಡಿ ನಂಗ ನಗಿ ಬಂತು.

ಆ ಹುಡುಗಿಗೆ ಕ್ಯಾಮರಾದ ಮುಂದ ಕುಂದ್ರೂದು ಗೊತ್ತಿದ್ದಿಲ್ಲ. ತಾ ಕ್ಯಾಮರಾ ಕಡಿ ನೋಡಲಿಲ್ಲಂದ್ರ ಕ್ಯಾಮರಾನೂ ತನ್ನ ನೋಡೂದಿಲ್ಲ ಅನ್ಕೊಂಡಾಳ. ಮಾರಿ ಎಡಕ್ಕ ತಿರುವಿ ಕುಂತ್ಲು. ಮಾಲಕರು, ‘ಹಾಂ ಯವ್ವಾ, ಹಂಗ ಇರು’ ಅಂತ ಬಲಗಡಿ ದೀಪ ಹಚ್ಚಿ, ಸೆರಗು, ಕಿವಿ ಮ್ಯಾಲಿನ ಕೂದಲ ಹಿಂದಕ್ಕ ಸರಿಸಿ, ಹೊಡದ ಬಿಟ್ರು. ಕನ್ಯಾ ನೋಡಾಕ ಬರೂ ಯಾರ ಕಣ್ಣಿಗೂ ಬೀಳಲಾರದ ಕಲಿ ನೆಗೆಟಿವ್ ತುಂಬಾ ಬಿತ್ತು.

ಬಿಳಿ ಕಲಿ ತಗಿಯೂದು ಭಾಳ ತ್ರಾಸ. ಪೆನ್ಸಿಲ್ ಕರಿ ಇದ್ದದ್ದನ್ನ ಬೆಳ್ಳಗ ಮಾಡತೈತಿ, ಬಿಳಿ ಇದ್ದದ್ದನ್ನ ಏನೂ ಮಾಡೂದಿಲ್ಲ, ಬ್ಲೇಡಿಲೆ ಕೆರದ್ರ ಗೀರು ಉಳೀತಾವ. ಬ್ಯಾರೆ ಯಾರರ ಆಗಿದ್ರ ಕೈ ಚೆಲ್ಲತಿದ್ರು. ನಾ ಏನ್ ಮಾಡಿದೆ ಗೊತ್ತೇನು? ಕಲಿ ಬಿಟ್ಟು ಉಳದ ಮಾರಿ, ಕುತಗಿ, ಎಲ್ಲಾ ಗೀರಿ ಗೀರಿ ಕಲಿ ಬಣ್ಣಕ್ಕ ತಂದ ಬಿಟ್ಟೆ! ಆ ಹುಡುಗಿ ಹಾಲಿನಾಗ ಅದ್ದಿ ತಗದಂಗ ಬಂದ್ಲು. ಅಪ್ಪ ನೋಡಿ ಕಣ್ಣೀರ ಹಾಕಿದ. ಆಕಿ ನೋಡಿ, ‘ಇಕಿ ಯಾರು?’ ಅಂದ್ಲು.

ಮೊದಲನೇ ಸಂಬಂಧ ಮಸ್ಕಿದು. ಟಚಿಂಗ್ ಕಾಪಿ ಹೋತು, ಪಾಸಾತು. ಹಿಂದಿಂದನ ಹುಡುಗನ ಕಾಕಾ ಬಂದ, ಸಾದಾ ಒಯ್ದ. ಸಂಬಂಧ ಮುರೀತು. ಯಾಕಂತ ಜವಳಗೇರಾದವ್ರಿಗೆ ತಿಳೀಲೇ ಇಲ್ಲ. ಜಾತಕ ಕೂಡಿಲ್ಲ ಅಂತ ಹೇಳಿ ಕಳಸಿದ್ರಂತ.

ಎರಡನೇದು ಲಿಂಗಸುಗೂರಿಂದು. ಹುಡುಗ ಯಾವ್ದೋ ಆಫೀಸಿನಾಗ ಗುಮಾಸ್ತ. ಈ ಸಲ ನನ್ನ ಕೈ ತುರಿಸಾಕತ್ತಿತು. ಹುಡುಗಿ ಮ್ಯಾಲಿನ ಕನಿಕರಕ್ಕ ಅಂತ ತಿಳಕೋಬ್ಯಾಡ್ರಿ. ಮಾಲಕರ ಇಮಾನದಾರಿ ಮ್ಯಾಲ ಒಂದು ಬೊಟ್ಟು ಇಡಬೇಕು ಅಂತ ಭಾಳ ದಿನದಿಂದ ಆಸೆ. ಟಚಿಂಗ್‌ಗಿಂತ ಮೊದ್ಲು ತಗದಿಟ್ಟಿದ್ದ ಇನ್ನೊಂದು ಸಾದಾ ಕಾಪಿ ಡಬ್ಬಿಗೆ ಹಾಕೂ ಮೊದ್ಲು, ಸಣ್ಣ ಬ್ರಶ್ ತಗೊಂಡು, ಮಸಿ ತೆಳ್ಳಗ ಕಲಿಸಿ, ಕಾಗದದ ಮ್ಯಾಲ ಆ ಕಲಿ ಮುಚ್ಚಿದೆ. ಮೂಗಿನ ಮ್ಯಾಲಿನ ಗುಳ್ಳಿ ಹಂಗ ಬಿಟ್ಟೆ. ಹುಳುಕು ಹುಡುಕಾಕ ಬಂದ ಮಂದಿಗೆ ಒಂದು ಹುಳುಕು ಕೊಡಬೇಕಲ್ಲ? ಇಲ್ಲಂದ್ರ ನಂಬೂದಿಲ್ಲ.

ಹುಡುಗನ ಸೋದರಮಾವ ಬಂದ. ದಪ್ಪಗ, ಬೆವರ ಮನಷ್ಯಾ. ಸಾದಾ ನೋಡಿ, ‘ಗುಳ್ಳಿ ಐತಿ ನೋಡ್ರಿ,’ ಅಂದ.

‘ವಯಸ್ಸಿನ ಗುಳ್ಳಿ, ಹೋಗ್ತಾವ,’ ಅಂದ್ರು ಮಾಲಕರು, ಫೋಟೋ ಕಡಿ ನೋಡಲಾರದ.

ಸಂಬಂಧ ಗಟ್ಟಿ ಆತು. ಜವಳಗೇರಾದಾಗ ನಿಶ್ಚಯ ಇಟ್ಕೊಂಡ್ರು. ನಾ ಕತ್ತಲಿ ಖೋಲಿಯಾಗ ಒಬ್ಬನ ಕುಂತು ನಕ್ಕೊಂಡೆ. ಆದ್ರ ಬ್ಯಾಸಗಿ ಇತ್ತು ನೋಡ್ರಿ. ನಾ ಕೆಮಿಕಲ್ ತರಾಕ ರಾಯಚೂರಿಗೆ ಹೋದ ದಿನ, ಆ ಸೋದರಮಾವ ನಿಶ್ಚಯದ ಫೋಟೋಕ್ಕ ಮಂದಿ ಗೊತ್ತು ಮಾಡಾಕ ಅಂತ ಸ್ಟುಡಿಯೋಕ್ಕ ಬಂದಾನ. ಅಂಗಿ ಕಿಸೇದಾಗಿಂದ ಸಾದಾ ತಗದು ತೋರಸ್ಯಾನ. ಅವನ ಬೆವರು ಕುಡದು ಮಸಿ ಹರದ ಬಿಟ್ಟೈತಿ. ಮಾಲಕರು ನಾಲಿಗಿಗೆ ಬೆರಳು ಹಚ್ಚಿ ಅಲ್ಲಿ ಒರಸ್ಯಾರ. ಕಲಿ ಎದ್ದು ಬಂತು.

ಇಬ್ಬರೂ ಏನ್ ಮಾತಾಡಿದ್ರು ಅನ್ನೂದು ಆಮ್ಯಾಲ ಮಾಲಕರ ಬಾಯಿಂದನ ಕೇಳಿದೆ. ‘ನಮ್ಮ ದುಕಾನದ ಸಾದಾಕ್ಕ ಕಲಬೆರಕಿ ಆಗೈತ್ರಿ, ತಪ್ಪಾತು,’ ಅಂತ ಕೈ ಮುಗದಾರ. ಅವತ್ತನ ಹತ್ತಿ ತೊಯ್ಸಿ ನೆಗೆಟಿವ್ ಮ್ಯಾಲಿನ ನನ್ನ ಪೆನ್ಸಿಲ್ ಎಲ್ಲಾ ಒರಸಿ ಹಾಕಿ, ಖರೇ ಸಾದಾ ತಗದು ಪುಕಟ ಕೊಟ್ಟಾರ. ‘ನಿಶ್ಚಯ ಬ್ಯಾಡಂತ ಹೇಳಿ ಕಳಸ್ರಿ,’ ಅಂತನೂ ಅಂದಾರಂತ. ಆ ಮನಷ್ಯಾ, ‘ಯಾಕ ಹೇಳಿ ಕಳಸೂದು? ಹೋಗೇ ಹೇಳ್ತೀವಿ,’ ಅಂದಾನ.

ನಂಗ ಇದ್ಯಾವ್ದೂ ಗೊತ್ತಿಲ್ಲ, ಫೋಟೋದ ಮುಂಗಡ ಇಸ್ಕೊಂಡಿದ್ದ ಮಾಲಕರೂ ಬಾಯಿ ಬಿಡಲಿಲ್ಲ. ಹಳ್ಳಿಗೆ ಹೋಗಿ ಫೋಟೋ ಹೊಡಿಯೂ ಕೆಲ್ಸ ನಂದು. ಕ್ಯಾಮರಾ, ಫ್ಲ್ಯಾಶು ಹೆಗಲಿಗೆ ಹಾಕ್ಕೊಂಡು ಖುಷಿಲೆ ಜವಳಗೇರಾಕ ಹೋದೆ. ಅಂಗಳದಾಗ ಹಂದರ, ಜಮಖಾನಿ, ಪರಾತದಾಗ ಎಲಿ ಅಡಿಕಿ, ಕೊಬ್ಬರಿ. ಹುಡುಗಿನ ಕರಕೊಂಡು ಬಂದು ಕುಂದ್ರಿಸಿದ್ರು. ಹುಡುಗನ ದೊಡ್ಡವ್ವ ಎದ್ದು ಹೋಗಿ ಮುಂದ ಕುಂತ್ಲು, ಕುಂಕುಮ ಹಚ್ಚತಾಳ ಅಂತ ನಾನು ಕ್ಯಾಮರಾ ಎತ್ತಿದೆ. ಆಕಿ ಕುಂಕುಮ ಹಚ್ಚಲಿಲ್ಲ. ಹುಡುಗಿ ಗದ್ದ ಹಿಡದು ಮಾರಿ ಎಡಕ್ಕ ತಿರುವಿದ್ಲು, ದನದ ಹಲ್ಲು ನೋಡೂ ಮಂದಿ ಹಂಗ. ಸೆರಗು ಸರಿಸಿ, ಕಿವಿ ಮ್ಯಾಲಿನ ಕೂದಲ ಎತ್ತಿ ಹಿಡದ್ಲು. ಸೋದರಮಾವ ಲಕೋಟಿಯಿಂದ ಫೋಟೋ ತಗದು ಬಾಜೂಕ ಹಿಡದ.

‘ಬರೋಬ್ಬರಿ ಐತೇನ್ ನೋಡಕ್ಕಾ.’

‘ಬರೋಬ್ಬರಿ ಐತಿ. ಇದ್ರಾಗ ಸಣ್ಣದ ಕಾಣತೈತಿ, ಈಗ ಬೆಳದೈತಿ,’ ಅಂದ್ಲು ದೊಡ್ಡವ್ವ. ಕೈ ಬಿಟ್ಟು ಆ ಕೈನ ಸೆರಗಿಗೆ ಒರಸ್ಕೊಂಡ್ಲು.

ಮೀಸಿ ಅಪ್ಪ ಕಂಬ ಹಿಡಕೊಂಡು ನಿಂತಿದ್ದ. ಸೋದರಮಾವ ಎಲ್ಲಾರಿಗೂ ಕೇಳೂಹಂಗ, ‘ತೊನ್ನಿನ ಹುಡುಗಿಗೆ ಬಣ್ಣ ಬಡದು ಮಾರಾಕ ನಿಂತೀರೇನ್ರೀ?’ ಅಂದ. ಆಮ್ಯಾಲ ನನ್ನ ಕಡಿ ತಿರುಗಿ, ‘ಏ ಫೋಟೋದಾಂವ, ತಗೀ ಒಂದು. ಹಿಂಗ ಕೂದಲ ಎತ್ತಿ ಹಿಡದದ್ದು ತಗೀ. ನಮ್ಮೂರಾಗ ತೋರ್ಸಾಕ ಬೇಕು,’ ಅಂದ.

ತಗೀತೀನಿ ಅಂದೆ. ಫ್ಲ್ಯಾಶ್ ಒಯ್ದು ಅವನ ಎರಡೂ ಕಣ್ಣಿಗೆ ಒಂದು ಗೇಣು ದೂರ ಹಿಡದು ಹೊಡದೆ. ಅವಂಗ ಕಣ್ಣು ಕತ್ತಲಿ ಬಂತು. ಹಿಂದಕ್ಕ ಹೆಜ್ಜಿ ಇಟ್ಟ, ಪರಾತದ ಮ್ಯಾಲ ಕಾಲು ಬಿತ್ತು, ಎಲಿ ಅಡಿಕಿ ಕೊಬ್ಬರಿ ಸಮೇತ ಜಮಖಾನಿ ಮ್ಯಾಲ ಅಂಗಾತ ಬಿದ್ದ. ಧೋತ್ರ ಬಿಚ್ಚಿತು. ಅಂಗಳ ತುಂಬಾ ಮಂದಿ ಹೋ ಅಂತ ನಕ್ಕರು. ಅಂಥ ಪಾಡ ಕೆಲ್ಸ ಜಲ್ಮದಾಗ ಇನ್ನೊಂದು ಮಾಡಿಲ್ಲ ನಾನು.

ಹುಡುಗಿ ಮಾತ್ರ ತಲಿ ತಗ್ಗಿಸಿ ಕುಂತಿದ್ಲು. ಅವ ಬಿದ್ದದ್ದು ಆಕಿ ನೋಡಲಿಲ್ಲ. ಆಕಿಗೆ ಕೇಳಿದ್ದು ನಗಿ ಅಷ್ಟ. ಎದ್ದು ನಿಂತು, ಯಾರ್ಯಾರು ನಗಾಕತ್ತಾರ ಅಂತ ಒಬ್ಬೊಬ್ಬರ ಮಾರಿ ನೋಡಿದ್ಲು. ಚಿಗವ್ವನ ಮಾರಿ, ಗೆಳತ್ಯಾರ ಮಾರಿ, ತಂಗಿ ಮಾರಿ. ತಂಗಿನೂ ನಗಾಕತ್ತಿದ್ಲು, ಸಣ್ಣಾಕಿ. ಕಡೀಕ ನನ್ನ ಮಾರಿ. ನಾ ಹಲ್ಲು ಕಿಸಕೊಂಡು ನಿಂತಿದ್ದೆ.

ಸಂಜಿಮುಂದ ಸ್ಟುಡಿಯೋಕ್ಕ ಬಂದ ಮ್ಯಾಲ ಮಾಲಕರು ನನ್ನ ಕಪಾಳಕ್ಕ ಹೊಡದ್ರು. ‘ಇಪ್ಪತ್ತು ವರ್ಷದಿಂದ ನನ್ನ ಸಾದಾ ಅಂದ್ರ ಲಿಂಗಸುಗೂರು ತನಕ ಮಂದಿ ಕಣ್ಣ ಮುಚ್ಚಿ ನಂಬ್ತಿದ್ರು. ಹೆಸರು ಕೆಡಸಿದೆಲ್ಲೋ ಹಲ್ಕಟ್!’ ನೌಕರಿ ಮಾತ್ರ ತಗೀಲಿಲ್ಲ. ನನ್ನಂಥ ಟಚಿಂಗ್ ಮಾಡಾಂವ ಎಲ್ಲಿ ಸಿಗಬೇಕು ಅವ್ರಿಗೆ?

ಎಂಟು ದಿನದ ಮ್ಯಾಲ ಆ ಹುಡುಗಿನ ಸ್ಟುಡಿಯೋಕ್ಕ ಬಂದ್ಲು. ಅಪ್ಪ ರಸ್ತೆದಾಗ ಟ್ರ್ಯಾಕ್ಟರ್ ಮ್ಯಾಲ ಕುಂತಿದ್ದ, ತೆಳಗ ಇಳೀಲಿಲ್ಲ. ಈ ಸಲ ಕಿವಿ ಮ್ಯಾಲ ಕೂದಲ ಇದ್ದಿಲ್ಲ. ಬಿಗಿ ಜಡಿ ಹಾಕ್ಕೊಂಡು ಬಂದಿದ್ಲು.

‘ಕಾಕಾರ, ನನ್ನ ನೆಗೆಟಿವ್ ಕೊಡ್ರಿ.’

‘ಯಾಕ ಬೇ ತಂಗೀ?’

‘ನಂದದು.’

ಮಾಲಕರು ನಕ್ಕರು. ಸಣ್ಣ ಹುಡುಗ್ರಿಗೆ ತಿಳಿ ಹೇಳಿದಂಗ ಹೇಳಿದ್ರು. ‘ಮಾರಿ ನಿಂದು ಯವ್ವಾ, ನೆಗೆಟಿವ್ ನಂದು. ರೀಲು ನಾ ತಂದದ್ದು, ದೀಪ ನಂದು, ಕ್ಯಾಮರಾ ನಂದು. ನೀ ಕಾಪಿಗೆ ರೊಕ್ಕ ಕೊಟ್ಟಿ, ಕಾಪಿ ಒಯ್ದಿ. ಹಿಟ್ಟು ಬೀಸಿ ಕೊಟ್ಟ ಮ್ಯಾಲ ಗಿರಣಿ ಕಲ್ಲನೂ ಕೊಡು ಅಂದ್ರ ಹೆಂಗ?’

‘ಮತ್ತ ಅವ್ರಿಗೆ ಯಾಕ ಕೊಟ್ರಿ?’

‘ಕೇಳಿದ್ರು, ಕೊಟ್ಟೆ. ಸುಳ್ಳು ಫೋಟೋ ಕೊಟ್ಟಿದ್ರ ಕೇಳು. ನಿನ್ನ ಮೈ ಮ್ಯಾಲ ಇಲ್ಲದ್ದೇನರ ಕೊಟ್ಟೀನೇನು?’

ಖರೇ ಹೇಳಬೇಕಂದ್ರ ಇದಕ್ಕ ಆವಾಗ ಸಿಂಧನೂರಾಗ ಯಾವ ವಕೀಲನ ಕಡಿನೂ ಉತ್ತರ ಇದ್ದಿಲ್ಲ. ಈಗ ಕಾಯಿದಿ ಬಂದೈತಂತಲ್ರಿ. ಗಿರಾಕಿ ಹೂಂ ಅನ್ನಲಾರದ ಅವ್ರ ಮಾಹಿತಿ ಇನ್ನೊಬ್ರಿಗೆ ದಾಟಸಂಗಿಲ್ಲ, ಅಳಸ್ರಿ ಅಂದ್ರ ಅಳಸಬೇಕು, ಇಲ್ಲಂದ್ರ ದಂಡ ಬೀಳತೈತಿ ಅಂತ ಪೇಪರ್‌ನಾಗ ಓದಿ ನಮ್ಮ ಮಾಲಕರ ನೆಪ್ಪಾಗಿ ಬಿದ್ದು ಬಿದ್ದು ನಕ್ಕೆ. ಅವ್ರು ಇದ್ದಿದ್ರ, ‘ಹಂಗಂದ್ರ ದುಕಾನಕ್ಕ ಕೀಲಿ ಹಾಕ್ರಿ’ ಅಂತಿದ್ರು.

‘ನೋಡಾಕರ ಕೊಡ್ರಿ,’ ಅಂದ್ಲು ಹುಡುಗಿ.

ನೋಡಾಕೇನು, ಮಾಲಕರು ದೊಡ್ಡ ಮನಸ್ಸು ಮಾಡಿ ಕೊಟ್ರು. ಆಕಿ ನನ್ನ ಗಾಜಿನ ಹಲಗಿ ಕಡಿ ಬಂದು ಬೆಳಕಿಗೆ ಹಿಡದ್ಲು. ನಾ ಬಾಜೂಕ ನಿಂತೆ. ಪೆನ್ಸಿಲ್ ಒರಸಿ ಹಾಕಿದ ನೆಗೆಟಿವ್ ನೋಡ್ರಿ, ಎಲ್ಲಾ ಸಾಫ್ ಕಾಣ್ತಿತ್ತು. ಕೂದಲೆಲ್ಲ ಹಣ್ಣಾದ ಮುದುಕಿ ಹಂಗ ಬೆಳ್ಳಗ. ಕಿವಿ ತೆಳಗಿನ ಕಲಿ ಕಾಡಗಿ ಹಂಗ ಕರ್ರಗ.

‘ಇದ್ರಾಗ ಅದು ಬಿಳಿ ಇಲ್ಲ,’ ಅಂದ್ಲು.

‘ಇದ್ರಾಗ ನೀ ದೃಷ್ಟಿಬೊಟ್ಟು ಇಟ್ಕೊಂಡಿ ನೋಡು,’ ಅಂದೆ ನಾನು. ನನ್ನ ಬಾಯಿ ಸುಮ್ಮನಿರೂದಿಲ್ಲ.

ಆಕಿ ನನ್ನ ಕಡಿ ತಿರುಗಿದ್ಲು. ‘ನೀವು ಇದನ್ನ ಎಷ್ಟು ಚೊಲೊ ಅಳಸ್ತೀರಿ ಅಂತ ಮಂದಿ ಹೇಳ್ತಾರ ಅಣ್ಣಾರ. ನನ್ನ ಉಳದ ಮಾರೀನ ಎಲ್ಲಾ ಅಳಸಿ ಕಲಿ ಒಂದ ಉಳಿಸಿದ್ರಲ್ಲ?’

ಅಲ್ಲಿ ತನಕ ನನ್ನ ಕೆಲಸಕ್ಕ ಯಾರೂ ಹಂಗ ಹೆಸರು ಇಟ್ಟಿದ್ದಿಲ್ಲ. ನಾ ಬಾಯಿ ತಗಿಯೂದ್ರಾಗ ಆಕಿ ಹಲಗಿ ಮ್ಯಾಲಿದ್ದ ನನ್ನ ಕೆರಿಯೂ ಬ್ಲೇಡು ತಗೊಂಡ್ಲು. ನೆಗೆಟಿವ್ ಗಾಜಿಗೆ ಒತ್ತಿ ಹಿಡದು ಕೆರದ್ಲು. ಗಡಿಬಿಡಿ ಇಲ್ಲ. ಹಣಿಯಿಂದ ಶುರು ಮಾಡಿ ಕಣ್ಣು, ಮೂಗು, ಬಾಯಿ. ಕಲಿ ಇದ್ದ ಜಾಗ ಕಡೀಕ. ಮಾಲಕರು ‘ಏ, ಏ, ಬಿಡಬೇ’ ಅಂತ ಖುರ್ಚಿಯಿಂದ ಎದ್ದು ಬರೂದ್ರಾಗ ನೆಗೆಟಿವ್‌ನಾಗ ಸೀರಿ ಉಳದಿತ್ತು, ಆಕಿ ಕುಂತ ಖುರ್ಚಿ ಉಳದಿತ್ತು, ಮಾರಿ ಇದ್ದ ಕಡಿ ಗಾಜಿನಂಗ ಖಾಲಿ.

‘ತಗೋರಿ ಕಾಕಾರ, ನಿಮ್ಮ ನೆಗೆಟಿವ್,’ ಅಂತ ಅವ್ರ ಕೈಯಾಗ ಇಟ್ಟು, ಹೋಗಿ ಟ್ರ್ಯಾಕ್ಟರ್ ಹತ್ತಿದ್ಲು.

ಮಾಲಕರಿಗೆ ಸಿಟ್ಟು ಹೆಂಗ ಬಂತು ಅಂದ್ರ, ಅದನ್ನ ದೊಡ್ಡದಾಗಿ ತಗದು ಬಾಗಲದ ಶೋಕೇಸಿನಾಗ ಇಡಿಸಿದ್ರು, ಮಾರಿ ಇಲ್ಲದ ಹುಡುಗಿನ. ಬಂದ ಮಂದಿಗೆಲ್ಲ, ‘ನೋಡ್ರಿ, ದುಕಾನದ ಮಾಲು ಹಾಳ ಮಾಡಿದಾಕಿ,’ ಅಂತ ತೋರಸ್ತಿದ್ರು. ಅದ ಅವ್ರಿಗೆ ಮುಳುವಾತು. ಮಾರಿ ಯಾಕಿಲ್ಲ ಅಂತ ಮಂದಿ ಕೇಳಾಕತ್ತಿದ್ರು, ಕೇಳ್ತಾ ಕೇಳ್ತಾ ಸಾದಾದ ಹಕೀಕತ್ತು ಹೊರಗ ಬಿತ್ತು. ಹೆಣ್ಣ ಹೆತ್ತವ್ರು ಒಬ್ಬೊಬ್ರ ಬಂದು, ‘ನೆಗೆಟಿವ್ ಸಮೇತ ಕೊಟ್ರ ತಗಸ್ತೀವಿ,’ ಅನ್ನಾಕತ್ತಿದ್ರು. ಮಾಲಕರು ಕೊಡವಲ್ರು. ಬೆಂಚು ಖಾಲಿ ಆತು.

ನಾನು ಮಸ್ಕಿಯಾಗ ಹೊಸದಾಗಿ ಸ್ಟುಡಿಯೋ ಹಾಕಿದಾಂವನ ಕಡಿ ಹೋದೆ. ಅವನ ಬಾಗಲಕ್ಕ ನನ್ನ ಕೈಯಾರ ಬೋರ್ಡು ಬರದೆ: ‘ನೆಗೆಟಿವ್ ಗಿರಾಕಿಗೆ ಕೊಡಲಾಗುವುದು. ಸಾದಾ ಇಲ್ಲ.’ ಸಿಂಧನೂರಿನ ಮಂದಿ ಬಸ್ ಹತ್ತಿ ಮಸ್ಕಿಗೆ ಬಂದು ಫೋಟೋ ತಗಸಾಕತ್ತಿದ್ರು. ತೊಂಬತ್ತು ದಾಟೂದ್ರಾಗ ನಮ್ಮ ಹಳೇ ಮಾಲಕರ ಜಾಗದಾಗ ಚಪ್ಪಲಿ ಅಂಗಡಿ ಬಂತು. ಹೋದಾಗೊಮ್ಮೆ ಚಪ್ಪಲಿ ಕೊಳ್ಳೂ ನೆವದಿಂದ ಒಳಗ ಹೋಗಿ ಕುಂತು ಬರ್ತಿದ್ದೆ, ಅಷ್ಟು ಖುಷಿ ನಂಗ.

ಗಂಡಿನ ಕಡಿಯಾವ್ರು ಸುಮ್ಮನ ಕುಂದ್ರತಾರೇನ್ರಿ? ಸಾದಾ ಸಿಗಲಾರದಕ್ಕ ಹೊಸಾ ಪದ್ಧತಿ ತಂದ್ರು. ಕನ್ಯಾ ನೋಡಾಕ ಬರ್ತಾ ಜೋಡಿಗೆ ಒಂದು ಟವೆಲ್ ತರ್ತಿದ್ರು. ನೀರು ಕೇಳೂದು, ಟವೆಲ್ ಒದ್ದಿ ಮಾಡೂದು, ಹುಡುಗಿ ಮಾರಿ ಕುತಗಿ ತಿಕ್ಕಿ ಒರಸೂದು, ಪೌಡರ್ ತೆಳಗ ಏನೈತಿ ಅಂತ. ಮೊದ್ಲು ಲಕೋಟಿಯಾಗ ಆಗ್ತಿದ್ದದ್ದು ಈಗ ಅಂಗಳದಾಗ ಆಗಾಕತ್ತಿತು. ನನ್ನ ಬೋರ್ಡಿನ ಪುಣ್ಯಾ.

ಜವಳಗೇರಾದ ಆ ಹುಡುಗಿ ಮನಿಗೂ ಒಬ್ರು ಬಂದ್ರಂತ, ಮೂರ್ನಾಕು ವರ್ಷದ ಮ್ಯಾಲ. ತಂಗಿ ಮದಿವಿಗೆ ಫೋಟೋ ತಗಸಾಕ ಮಸ್ಕಿಗೆ ಬಂದಾಗ ಅವ್ರ ಅಪ್ಪನ ನಂಗ ಹೇಳಿದ. ಮೀಸಿ ತಗಸಿದ್ದ. ಗಂಡು ಎರಡನೇ ಸಂಬಂಧದಾಂವ, ಹೆಂಡ್ತಿ ಸತ್ತಿದ್ಲು, ಹಟ್ಟಿ ಗಣಿಯಾಗ ಕೆಲ್ಸ. ಕಲಿ ಐತಿ ಅಂತ ಮೊದಲ ತಿಳಿಸಿದ್ರು, ಇದ್ರ ಇರ್ಲಿ ಅಂದಿದ್ರಂತ. ಆದ್ರೂ ಅವನ ಅಕ್ಕ ಟವೆಲ್ ತಂದಿದ್ಲು, ಪದ್ಧತಿ ನೋಡ್ರಿ. ಒದ್ದಿ ಮಾಡಿ ಕೈ ಮುಂದ ಮಾಡಿದ್ಲು. ಹುಡುಗಿ ಟವೆಲ್ ಇಸ್ಕೊಂಡು ತಾನ ಹಣಿ, ಗಲ್ಲ, ಕುತಗಿ ಒರಸ್ಕೊಂಡ್ಲು. ಸೆರಗು ಸರಿಸಿ ಕಿವಿ ತೆಳಗ ತೋರಸಿದ್ಲು. ಆಮ್ಯಾಲ ಟವೆಲ್ ಹಿಂಡಿ, ಮಡಚಿ, ಗಂಡಿನ ಮುಂದ ಹಿಡದು, ‘ಈಗ ನೀವು ಒರಸ್ಕೊಳ್ರಿ,’ ಅಂದ್ಲಂತ.

ಗಂಡಿನ ಮಾರಿ ಮ್ಯಾಲ ಪೌಡರ್ ಬೆರಳಗಟ್ಲೆ ಇತ್ತಂತ.

‘ಒರಸ್ಕೊಂಡ್ನೇನ್ರಿ?’ ಅಂತ ಕೇಳಿದೆ ನಾನು, ನಗಿ ತಡೀಲಾರದ.

‘ಚಾ ಕುಡೀಲಾರದ ಎದ್ದು ಹೋದ್ರಪಾ,’ ಅಂದ ಅಪ್ಪ. ಅವನೂ ನಕ್ಕ. ಆಮ್ಯಾಲ, ಅವ್ರು ಟವೆಲ್ ಅಲ್ಲೇ ಮರತು ಹೋದ್ರು, ಆಕಿ ಅದನ್ನ ಅಡಗಿ ಮನ್ಯಾಗ ಒಲಿ ಮ್ಯಾಲಿನ ಗಡಗಿ ಇಳಿಸಾಕ ಇಟ್ಕೊಂಡಾಳ ಅಂದ. ಆಕಿನ ನೋಡಾಕ ಬ್ಯಾರೆ ಯಾರೂ ಬರಲಿಲ್ಲ.